ಏಸಾ ಲವೆಲ್‌ಗೆ ಹಾಜರು ಹೇಳುವವರು

ಆರಿನ್ ಬಾಲ್ಚ್ ಜಂಬದ ಮನುಷ್ಯ. ‘ಅಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ’ ಎನ್ನುವವರ ಪೈಕಿ. ಅರವತ್ತಾರು ವರ್ಷದ ಬಾಳಿನಲ್ಲಿ ‘ತಪ್ಪಾಯಿತು’ ಎಂಬ ಮಾತು ಅವನ ಬಾಯಿಂದ ಹೊರಟದ್ದನ್ನು ಕಾರ್ವರ್ಟನ್ ಊರಿನಲ್ಲಿ ಕೇಳಿದವರಿಲ್ಲ. ಇದು ಅವನ ಅಕ್ಕ ಲೆಟಿಸ್ ಬಾಲ್ಚ್ ಕೊಟ್ಟ ತೀರ್ಪು. ಅವನ ಮಾತನ್ನು ಅವಳಿಗಿಂತ ಹೆಚ್ಚು ಕಾಲ ಕೇಳಿದವರು ಯಾರೂ ಇರಲಿಲ್ಲವಾದ್ದರಿಂದ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಲೆಟಿಸ್ ಊರಿನ ಪ್ರೌಢಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತಳಾದವಳು. ಮದುವೆ ಮಾಡಿಕೊಳ್ಳಲಿಲ್ಲ. ಆರಿನ್‌ನ ಹೆಂಡತಿ ಅರ್ಮಾ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನಿಂತಳು. ಅವನ ಕಚೇರಿಯ ಟೈಪಿಸ್ಟ್ ಗಂಡನ ಹಿಂದೆ ಕ್ಲೀವ್‌ಲ್ಯಾಂಡಿಗೆ ಹೊರಟುಹೋದಾಗ ಮಧ್ಯಾಹ್ನದ ಹೊತ್ತು ತಾನೇ ಹೋಗಿ ಟೈಪ್ ಮಾಡಿಕೊಡತೊಡಗಿದಳು. ಮಾಡುವಾಗ ತಿದ್ದುವುದೂ ಇತ್ತು.

“ಲೆಟಿ, ಇಲ್ಲಿದ್ದ ‘ಸದರಿ’ಗಳೆಲ್ಲ ಎಲ್ಲಿ ಹೋದವು?”

“ತೆಗೆದೆ. ಬೇಲಿ ಜಗಳಕ್ಕೆ ಅಷ್ಟೊಂದು ಸದರಿ ಯಾಕೋ? ಬೇಲೀಗಿಂತ ಸದರೀನೇ ಉದ್ದ ಆಗಿತ್ತು.”

“ನ್ಯಾಯಾಧೀಶರು ಏನಂದುಕೊಳ್ತಾರೆ?”

“ಅವನೂ ನನ್ನ ಕ್ಲಾಸಲ್ಲಿ ಕೂತವನೇ. ಬದುಕಿದೆ ಅಂದುಕೊಳ್ತಾನೆ.”

ಕಚೇರಿ ಕೋರ್ಟಿನ ಚೌಕದ ಎದುರು, ಚಪ್ಪಲಿ ಅಂಗಡಿಯ ಮಹಡಿಯ ಮೇಲಿತ್ತು. ಉಯಿಲು, ಬೇಲಿ, ರೈಲಿಗೆ ಸಿಕ್ಕ ಹಸು, ಅಣ್ಣತಮ್ಮಂದಿರ ಪಾಲು ಇವೇ ಅವನ ಕಸುಬು. ಕೆಟ್ಟ ವಕೀಲನಲ್ಲ. ಆದರೆ ಅವನ ಜೀವ ಇದ್ದದ್ದು ಕಸುಬಿನಲ್ಲಲ್ಲ, ಸಂಘಗಳಲ್ಲಿ. ಕಾರ್ವರ್ಟನ್‌ನಲ್ಲಿ ಯೋಧರ ವಂಶಜರ ಸಂಘಗಳು ಮೂರಿದ್ದವು, ಮೂರರಲ್ಲೂ ಅವನಿದ್ದ. ಒಂದು ಇಂಗ್ಲೆಂಡಿನ ದೊರೆಯ ಮೇಲೆ ಬಂದೂಕು ಹಿಡಿದವರ ವಂಶದ್ದು. ಇನ್ನೊಂದು ಆಮೇಲಿನ ಒಂದು ಯುದ್ಧದ್ದು. ಅದರಲ್ಲಿ ಯಾರು ಯಾರ ಜೊತೆ ಹೊಡೆದಾಡಿದರೆಂಬುದು ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಸದಸ್ಯರೇ ಮೂವರು, ಹಾಗಾಗಿ ಅಧ್ಯಕ್ಷನೂ ಕಾರ್ಯದರ್ಶಿಯೂ ಆರಿನ್ನೇ. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವಿನ ಯುದ್ಧದಲ್ಲಿ ಉತ್ತರದ ನೀಲಿ ಅಂಗಿ ತೊಟ್ಟು ಹೋದವರ ಮಕ್ಕಳು ಮೊಮ್ಮಕ್ಕಳದ್ದು. ಅಲ್ಲಿ ಅವನು ಅಧ್ಯಕ್ಷ. ಅಜ್ಜ ಜೊಸಾಯ ಬಾಲ್ಚ್ ಆ ಯುದ್ಧದಲ್ಲಿ ಸಾರ್ಜೆಂಟನಾಗಿದ್ದ.

ಪ್ರತಿ ಫೆಬ್ರವರಿಯಲ್ಲಿ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಸಂಘದ ಹುರುಳಿಕಾಯಿ ಬೀಜದ ಊಟ ನಡೆಯುತ್ತಿತ್ತು. ಬೀಜ, ಉಪ್ಪು ಹಂದಿಮಾಂಸ, ಕಪ್ಪು ಕಾಫಿ. ಹೆಂಗಸರು ಮೆತ್ತಗಿನ ರೊಟ್ಟಿ ಮಾಡಿ ತರುತ್ತೇವೆಂದರೂ ಆರಿನ್ ಬಿಡುತ್ತಿರಲಿಲ್ಲ. ಸಿಪಾಯಿಗಳು ತಿಂದದ್ದೇ ಆಗಬೇಕೆಂದು ಕಲ್ಲಿನಂಥ ಬಿಸ್ಕತ್ತು ಮಾಡಿಸುತ್ತಿದ್ದ. ಸಂಘದ ಕಾರ್ಯದರ್ಶಿ ಡಾಕ್ಟರ್ ಸ್ಟೂಕಿ ಹಲ್ಲಿನ ವೈದ್ಯ. “ಆರಿನ್, ನಿನ್ನ ದೇಶಭಕ್ತಿಯಿಂದಾನೇ ಕಣಯ್ಯ ನನ್ನ ಇಬ್ಬರು ಮಕ್ಕಳು ಕಾಲೇಜು ಓದಿದ್ದು” ಎಂದು ಅವನು ಪ್ರತಿ ವರ್ಷ ಹೇಳುತ್ತಿದ್ದ. ಆರಿನ್ ಪ್ರತಿ ವರ್ಷ ಮೊದಲ ಸಲ ಕೇಳಿದವನಂತೆ ನಗುತ್ತಿದ್ದ. ಇಂಥವು ಅವನಲ್ಲಿ ಇದ್ದವು, ಇಲ್ಲವೆನ್ನಬಾರದು. ಹಿಮ ಬೀಳುವಾಗಲೂ ಸಿಪಾಯಿಯ ಗೋರಿ ದಾಟುವಾಗ ಹ್ಯಾಟು ತೆಗೆಯುತ್ತಿದ್ದ. ಆಮೇಲೆ ವಾರವಿಡೀ ಕೆಮ್ಮುತ್ತಿದ್ದ, ಲೆಟಿಸ್ ಈರುಳ್ಳಿ ರಸ ಕುಡಿಸುತ್ತಿದ್ದಳು.

ಅವನ ಎದೆಯ ಮೇಲೆ ಮೂರೂ ಸಂಘಗಳ ರಿಬ್ಬನ್ನುಗಳು ತೂಗಾಡುತ್ತಿದ್ದವು. ಆದರೆ ಸ್ವತಃ ಅವನು ಯುದ್ಧಕ್ಕೆ ಹೋದವನಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ, ಹದಿನೇಳನೇ ಇಸವಿಯಲ್ಲಿ, ಸೈನ್ಯ ಸೇರಲು ಹೋಗಿ, ಕಣ್ಣು ಸಾಲದೆಂದು ಸಂಜೆಯ ರೈಲಿಗೇ ವಾಪಸು ಬಂದಿದ್ದ. ಅವತ್ತು ಮನೆಯಲ್ಲಿ ಕೋಳಿ ಸಾರು ಮಾಡಿದ್ದರು, ಅವನು ಮುಟ್ಟಲಿಲ್ಲ. ಆ ಮೇಲೆ ಆ ಮಾತನ್ನು ಅವನೂ ಎತ್ತಲಿಲ್ಲ, ಬೇರೆಯವರಿಗೂ ಎತ್ತಲು ಬಿಡಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದ. ನಾಲ್ಕು ಜನರ ಎದುರು ಎಂದೂ ಹಾಕಿದವನಲ್ಲ. ಬೀದಿಯಲ್ಲಿ ಕಂಬಕ್ಕೆ ನಮಸ್ಕಾರ ಹೇಳಿದ್ದೂ ಉಂಟು.

ವರ್ಷಕ್ಕೆ ಅವನ ದಿನವೆಂದರೆ ಮೇ ಮೂವತ್ತು, ಗೋರಿಗಳಿಗೆ ಹೂವಿಡುವ ದಿನ. ಊರಿನವರೆಲ್ಲ ಕಾಫಿ ಡಬ್ಬಿಗಳಲ್ಲಿ ಪಿಯೋನಿ ಹೂ ತುಂಬಿಕೊಂಡು ಗುಡ್ಡದ ಮೇಲಿನ ಸ್ಮಶಾನಕ್ಕೆ ಹತ್ತುತ್ತಿದ್ದರು. ಬ್ಯಾಂಡು, ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಹಾಜರಿ. ಸತ್ತ ಸಿಪಾಯಿಗಳ ಹೆಸರನ್ನು ಆರಿನ್ ಒಂದೊಂದಾಗಿ ಕರೆಯುತ್ತಿದ್ದ, ಆ ಸಿಪಾಯಿಯ ವಂಶದವರು ಎದ್ದು ನಿಂತು ಅವನ ಪರವಾಗಿ “ಹಾಜರ್!” ಎನ್ನುತ್ತಿದ್ದರು. ಯಾರೂ ಏಳದಿದ್ದರೆ ಡೋಲಿನ ಮೇಲೆ ಒಂದು ಪೆಟ್ಟು, ಮುಂದಿನ ಹೆಸರು. ಒಬ್ಬ ಸಿಪಾಯಿಗೆ ಒಬ್ಬರೇ ಉತ್ತರ ಹೇಳಬೇಕೆಂಬುದು ನಿಯಮ. ಹಿಂದೊಮ್ಮೆ ಹಾರ್ಬೊ ಮನೆತನದ ಅಣ್ಣತಮ್ಮಂದಿರಿಬ್ಬರು ಒಟ್ಟಿಗೇ ಹಾಜರ್ ಎಂದು ಕೂಗಿ, ಹಕ್ಕು ಯಾರದೆಂದು ಹೂವಿನ ಡಬ್ಬಿಗಳ ನಡುವೆಯೇ ಹೊರಳಾಡಿ ಹೊಡೆದಾಡಿದ ಮೇಲೆ ಆರಿನ್ ಬರೆದ ನಿಯಮ ಅದು.

ಹಾಜರಿಯ ಹಾಳೆಯನ್ನು ಲೆಟಿಸ್ ಟೈಪ್ ಮಾಡಿಕೊಡುತ್ತಿದ್ದಳು. ಅವನು ಅದನ್ನು ತೋಳುದ್ದ ಚಾಚಿ ಹಿಡಿದು ಗಂಭೀರವಾಗಿ ನೋಡುತ್ತಿದ್ದ. ಆದರೆ ನೋಡಿ ಓದುವ ಅಗತ್ಯವೇ ಅವನಿಗಿರಲಿಲ್ಲ. ಬೆಳಗ್ಗೆ ಗಡ್ಡ ಹೆರೆದುಕೊಳ್ಳುವಾಗ ‘ಆಬಟ್’ನಿಂದ ‘ಝೆಲರ್’ವರೆಗೆ ಇಡೀ ಪಟ್ಟಿಯನ್ನು ಒಂದೂ ತಪ್ಪದೆ ಕನ್ನಡಿಗೆ ಒಪ್ಪಿಸುತ್ತಿದ್ದುದನ್ನು ಅವಳು ಅಡುಗೆಮನೆಯಿಂದ ಎಷ್ಟೋ ವರ್ಷ ಕೇಳಿದ್ದಳು. ‘ಝೆಲರ್’ ಬಂದಾಗ ಮೊಟ್ಟೆ ಇಳಿಸಿದರೆ ಹದವಾಗಿ ಬೆಂದಿರುತ್ತಿತ್ತು.

ಆ ಪಟ್ಟಿಯಲ್ಲಿ ಏಸಾ ಲವೆಲ್ ಎಂಬ ಸಿಪಾಯಿಯ ಹೆಸರಿಗೆ ಬಹಳ ಕಾಲ ಡೋಲಿನ ಪೆಟ್ಟೇ ಬೀಳುತ್ತಿತ್ತು. ಅವನ ಗೋರಿ ಎಲ್ಲಿದೆಯೆಂದೂ ಯಾರಿಗೂ ತಿಳಿದಿರಲಿಲ್ಲ. ಮೂವತ್ತೊಂದನೇ ಇಸವಿಯಲ್ಲಿ ಆರಿನ್ ಗುಡ್ಡದ ಸ್ಮಶಾನದ ಮೇಲುಗಡೆ ಏಸಾ ಲವೆಲ್ ಎಂಬ ಹೆಸರಿನದೇ ಗೋರಿ ಪತ್ತೆಹಚ್ಚಿದ. ಸರ್ಕಾರಕ್ಕೆ ಬರೆದು ಸಿಪಾಯಿಗಳಿಗೆ ಕೊಡುವ ಬಿಳಿ ಅಮೃತಶಿಲೆಯ ಕಲ್ಲು ತರಿಸಿದ. ಬ್ಯಾಂಡು ಬಾರಿಸಿ ನೆಡಿಸಿದ.

ಕಲ್ಲು ನೆಡುವ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಲೆಟಿಸ್ ಹೇಳಿದ್ದಳು: “ಅದು ಆ ಏಸಾ ಅಲ್ಲ ಕಣೋ. ಅದು ಹಿಟ್ಟಿನ ಗಿರಣಿ ಏಸಾ ಲವೆಲ್. ಸಿಪಾಯಿ ಏಸಾ ಅವನ ದಾಯಾದಿ. ಅಜ್ಜನ್ನ ನೋಡೋಕೆ ನಮ್ಮ ಅಡುಗೆಮನೆಗೆ ಬರ್ತಿದ್ದ, ಎಡಗಿವಿ ಇರಲಿಲ್ಲ, ಯುದ್ಧದಲ್ಲಿ ಹಾರಿಹೋಗಿತ್ತು. ನೀನು ಹೆದರಿ ಮೇಜಿನ ಕೆಳಗೆ ನುಸೀತಿದ್ದೆ.”

“ನಾನ್ಯಾವ ಮೇಜಿನ ಕೆಳಗೂ ನುಸಿದಿಲ್ಲ.”

“ಗಿರಣಿಯವನ ಚಿತ್ರ ಲೈಬ್ರರೀಲಿ ತೂಗುಹಾಕಿದೆ, ಹೋಗಿ ನೋಡು. ಎರಡೂ ಕಿವಿ ಇವೆ. ದೊಡ್ಡ ದೊಡ್ಡ ಕಿವಿ.”

“ದುಡ್ಡು ಕೊಟ್ಟವರಿಗೆ ಚಿತ್ರದವರು ಇಲ್ಲದ ಕಿವೀನೂ ಬರೆದುಕೊಡ್ತಾರೆ. ನೆನಪು ಸಾಕ್ಷಿ ಅಲ್ಲ ಲೆಟಿ. ಅದೂ ಹನ್ನೊಂದು ವರ್ಷದ ಹುಡುಗಿಯ ನೆನಪು.”

ಅವಳು ಆಲೂಗಡ್ಡೆಯ ಪಾತ್ರೆಯನ್ನು ಅವನ ಕಡೆ ತಳ್ಳಿದಳು. ಅಲ್ಲಿಗೆ ಆ ಮಾತು ನಿಂತಿತು.

ಗಿರಣಿ ಏಸಾನ ಮೊಮ್ಮಗ ಮರ್ಲ್ ಲವೆಲ್. ಗಿರಣಿ ಕೈತಪ್ಪಿ ಹೋಗಿ, ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಒಂಟಿ ಜೀವ. ವಿಪರೀತ ತೊದಲು. ಶಾಲೆಯಲ್ಲಿ ಲೆಟಿಸ್ ಅವನಿಗೆ ಪಾಠ ಒಪ್ಪಿಸಲು ಹೇಳುತ್ತಿರಲಿಲ್ಲ, ಬರೆಸಿಕೊಳ್ಳುತ್ತಿದ್ದಳು. ಗಿರಾಕಿ ಮೊಳೆ ಕೇಳಿದರೆ ಬಾಯಿ ತೆರೆಯುವ ಬದಲು ಡಬ್ಬಿಯನ್ನೇ ತಂದು ಮುಂದಿಡುತ್ತಿದ್ದ. ಅಜ್ಜ ಸಿಪಾಯಿಯಾಗಿದ್ದನೆಂದು ಆರಿನ್ ಹೇಳಿದಾಗ ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟನಂತೆ. ಆ ಮೇ ತಿಂಗಳು “ಏಸಾ ಲವೆಲ್” ಎಂದು ಕರೆದದ್ದೇ ಮರ್ಲ್ ಎದ್ದು ನಿಂತು “ಹಾಜರ್!” ಎಂದ. ಒಂದೇ ಉಸಿರಿಗೆ, ಗಂಟೆ ಹೊಡೆದಂತೆ. ಜನ ತಿರುಗಿ ನೋಡಿದರು. ಅಂದಿನಿಂದ ಅವನು ಸಂಘದ ಕಹಳೆ ಊದುವವನು, ಭಾನುವಾರ ಬಾಲ್ಚ್ ಮನೆಯ ಊಟಕ್ಕೆ ತಪ್ಪದೆ ಬರುವವನು.

ಐವತ್ತೆಂಟನೇ ಇಸವಿಯ ಏಪ್ರಿಲ್‌ನಲ್ಲಿ ಓಪಲ್ ಕ್ರೌಚ್ ಎಂಬ ಹೆಂಗಸು ಆರಿನ್‌ನ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಅರವತ್ತರ ಆಸುಪಾಸು, ಗಟ್ಟಿ ಮೈ, ಹ್ಯಾಟಿನ ಮೇಲೆ ಗಾಜಿನ ಚೆರ್ರಿ ಹಣ್ಣುಗಳು. ಮದುವೆಯಾಗಿ ನದಿಯಾಚೆ ಕೆಂಟಕಿಗೆ ಹೋಗಿ ಕೋಳಿ ಸಾಕಣೆಯಲ್ಲಿ ನಾಲ್ಕು ಕಾಸು ಕಂಡವಳು. ತವರಿನ ಹಳೇ ಮನೆ ಮಾರಲು ಬಂದಿದ್ದಳು. ಲೆಟಿಸ್ ಟೈಪ್ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

“ವಕೀಲರೇ, ನಮ್ಮಜ್ಜನ್ನ ನೀವು ಬೇರೆಯವರ ಹಾಸಿಗೇಲಿ ಮಲಗಿಸಿದ್ದೀರಿ” ಎಂದಳು ಓಪಲ್.

“ಮೊದಲು ಕೂತ್ಕೊಳ್ಳಿ, ಮೇಡಂ.”

“ಕೂರೋಕೆ ಬಂದಿಲ್ಲ. ನಮ್ಮಜ್ಜ ಏಸಾ ಲವೆಲ್. ಎಡಗಿವಿ ಇರಲಿಲ್ಲ. ಕೊನೆಗೆ ಸರ್ಕಾರದ ಬಡವರ ಮನೇಲಿ ಸತ್ತ. ಅಲ್ಲೇ ಹಿಂದಿನ ಹೊಲದಲ್ಲಿ ಹೂತರು, ಗುರುತಿಗೆ ಒಂದು ಇಟ್ಟಿಗೆ. ಮೇಲೆ ಗುಡ್ಡದಲ್ಲಿ ಅವನ ಹೆಸರಿನ ಕಲ್ಲು ಹೊತ್ಕೊಂಡು ಮಲಗಿರೋನು ಗಿರಣಿಯವನು. ಅವನು ಯುದ್ಧಕ್ಕೆ ಕೊಟ್ಟಿದ್ದು ಹಿಟ್ಟು. ಅದರಲ್ಲೂ ಹುಳ.”

ಲೆಟಿಸ್‌ಗೆ ನಗು ಬಂತು. ಆರಿನ್‌ಗೆ ಬರಲಿಲ್ಲ.

“ಕಲ್ಲು ಕೀಳಿಸಬೇಕು ಅಂತೀರಾ?”

“ಕಲ್ಲು ಅಲ್ಲೇ ಬಿದ್ದಿರಲಿ, ಕಲ್ಲಿಗೇನು ಗೊತ್ತು? ನನಗೆ ಬೇಕಿರೋದು ಹಾಜರಿ. ನಮ್ಮಪ್ಪ ಪ್ರತಿ ವರ್ಷ ಆ ಸ್ಮಶಾನದ ಬೇಲಿ ಹೊರಗಡೆ ನಿಂತಿರ್ತಿದ್ದ. ಏಸಾ ಲವೆಲ್ ಅಂತ ಕರೆಯೋರು, ಡೋಲಿನ ಪೆಟ್ಟು ಬೀಳೋದು, ಮನೆಗೆ ಬರೋನು. ಒಳಗೆ ಹೋಗಿ ಉತ್ತರ ಹೇಳಿದ್ರೆ, ಅಪ್ಪನ್ನ ಎಲ್ಲಿ ಹೂತಿದ್ದೀಯ ಅಂತ ಕೇಳ್ತಾರಲ್ಲ? ಬಡವರ ಮನೆ ಅಂತ ಹೇಳೋಕೆ ನಾಲಿಗೆ ಏಳ್ತಿರಲಿಲ್ಲ. ಸಾಯೋವಾಗ ನನ್ನ ಕೈ ಹಿಡ್ಕೊಂಡು, ನೀನಾದ್ರೂ ಒಳಗೆ ಹೋಗಿ ಹೇಳು ಅಂದ. ಹೂಂ ಅಂದೆ. ಮದುವೆ, ಮಕ್ಕಳು, ಕೋಳಿ ಅಂತ ಆಗಲೇ ಇಲ್ಲ. ಈ ಬೇಸಿಗೆ ಕಳೆದ್ರೆ ಮಗಳ ಹತ್ರ ಆರಿಗನ್‌ಗೆ ಹೋಗ್ತೀನಿ, ಮತ್ತೆ ಬರಲ್ಲ. ಈ ಸಲ ಅವನ ಹೆಸರು ಕರೆದಾಗ ಎದ್ದು ನಿಲ್ಲಬೇಕಾದವಳು ನಾನು.”

ಆರಿನ್ ಕಿಟಕಿಯ ಕಡೆ ನೋಡುತ್ತಿದ್ದ. “ಏಸಾ ಲವೆಲ್ ಹೆಸರಿಗೆ ಉತ್ತರ ಹೇಳೋರು ಇದ್ದಾರೆ” ಎಂದ. “ಒಬ್ಬ ಸಿಪಾಯಿಗೆ ಒಬ್ಬರೇ.”

“ಆ ಕಬ್ಬಿಣದಂಗಡಿಯವನು ತಾನೆ? ಅವನಿಗೆ ಕೂತ್ಕೋ ಅನ್ನಿ.”

“ಅದು ನನ್ನಿಂದ ಆಗಲ್ಲ.”

ಓಪಲ್ ಅವನ ಎದೆಯ ಮೇಲಿದ್ದ ರಿಬ್ಬನ್ನನ್ನು ದಿಟ್ಟಿಸಿದಳು. “ನಿಮಗೆ ಮಕ್ಕಳಿಲ್ಲವಂತೆ. ನಿಮ್ಮ ನಂತರ ನಿಮ್ಮಜ್ಜನ ಹೆಸರಿಗೂ ಡೋಲೇ ಗತಿ. ಆವಾಗ ತಿಳಿಯತ್ತೆ ಅನ್ನೋಣ ಅಂದ್ರೆ, ಕೇಳೋಕೆ ನೀವಿರಲ್ಲ” ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಚೆರ್ರಿ ಹಣ್ಣುಗಳ ಕಿಣಿಕಿಣಿ ಬೀದಿಯವರೆಗೂ ಕೇಳಿಸಿತು.

ಮನೆಗೆ ಬಂದ ಮೇಲೆ ಲೆಟಿಸ್ ಕೋಟು ತೆಗೆಯುವ ಮೊದಲೇ ಶುರುಮಾಡಿದಳು.

“ಎಡಗಿವಿ ಅಂದಳು, ಕೇಳಿಸ್ತಾ? ನಿನಗೆ ಬಲಗಿವಿ ಎಡಗಿವಿ ಎರಡೂ ಇವೆಯಲ್ಲ.”

“ಕೇಳಿಸ್ತು.”

“ಇಷ್ಟು ವರ್ಷದ ಮೇಲೆ ‘ತಪ್ಪಾಯ್ತು’ ಅಂದ್ರೆ ನಾಲಿಗೆ ಕರಗಿಹೋಗತ್ತಾ?”

“ಮರ್ಲ್‌ನ ಅಜ್ಜ ಸಿಪಾಯಿ ಅಲ್ಲ ಅಂತಾದ್ರೆ ಮರ್ಲ್ ಸಂಘದಲ್ಲಿ ಇರೋ ಹಾಗಿಲ್ಲ. ನಿಯಮ.”

“ನಿಯಮ ಬರೆದೋನು ನೀನೇ ತಾನೆ?”

“ಅದಕ್ಕೇ ಮುರಿಯೋ ಹಾಗಿಲ್ಲ.”

“ಮರ್ಲ್‌ನ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳಬೇಡ. ಮೇಜಿನ ಕೆಳಗೆ ನುಸಿದಾಗ ನಿನಗೆ ಏಳು ವರ್ಷ. ಆಗ ಶೋಭಿಸ್ತಿತ್ತು.”

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಊರಿನ ಎದುರು ಬ್ಯಾಂಡು ಬಾರಿಸಿ ಮಾಡಿದ ತಪ್ಪನ್ನು ಊರಿನ ಎದುರು ಒಪ್ಪಿಕೊಳ್ಳುವ ಧೈರ್ಯ ಇವನಿಗಿಲ್ಲ, ಅಷ್ಟೇ. ಮರ್ಲ್ ಒಂದು ನೆಪ. ಹೀಗೆ ಲೆಟಿಸ್ ತೀರ್ಮಾನಿಸಿದಳು. ಅವಳು ಬೇಗ ತೀರ್ಮಾನಿಸುವವಳು. ಮರುದಿನದಿಂದ ಮೊಟ್ಟೆ ‘ಝೆಲರ್’ಗೆ ಕಾಯಲಿಲ್ಲ. ‘ಹಾರ್ಬೊ’ ಬರುವಷ್ಟರಲ್ಲಿ ಇಳಿಸಿ ಹಸಿಹಸಿಯಾಗಿ ತಂದಿಟ್ಟಳು. ಆರಿನ್ ಅದನ್ನೇ ತಿಂದ.

ಹೂವಿನ ದಿನಕ್ಕೆ ಹಿಂದಿನ ಭಾನುವಾರ ಮರ್ಲ್ ಊಟಕ್ಕೆ ಬಂದ. ಕಹಳೆಯನ್ನು ಹೊಸದರಂತೆ ಉಜ್ಜಿ ಹೊಳೆಯಿಸಿ, ತೋರಿಸಲೆಂದು ತಂದಿದ್ದ.

“ಮಿ-ಮಿಸ್ ಲೆಟಿಸ್, ಈ ಸಲ ಹೊ-ಹೊಸ ಸೂಟು ಹೊಲಿಸಿದೀನಿ. ಅಜ್ಜನಿಗೆ ಮ-ಮರ್ಯಾದೆ ಆಗ್ಬೇಕಲ್ಲ.”

ಇವನಿಗೆ ಈಗಲೇ, ಇಲ್ಲೇ, ಸದ್ದಿಲ್ಲದೆ ಹೇಳಿಬಿಡುವುದು ಮೇಲೆಂದು ಲೆಟಿಸ್ ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು. “ಹಂದಿತೊಡೆ ಇನ್ನೊಂದು ಚೂರು ಹಾಕ್ಕೋ ಮರ್ಲ್.” ಆರಿನ್ ತಲೆಯೆತ್ತಿ ಅಕ್ಕನನ್ನು ನೋಡಿದ. ಆ ನೋಟದಲ್ಲಿ ಗೆಲುವಿರಲಿಲ್ಲ, ಕೇಳಿಕೆಯಂಥದೇನೋ ಇತ್ತು. ಅವಳು ಅದನ್ನು ಗಮನಿಸಿದಳು, ಗಮನಿಸಿದ್ದಕ್ಕೆ ಸಿಟ್ಟುಗೊಂಡಳು. ತನ್ನಿಂದ ಊಟದ ಮೇಜಿನಲ್ಲಿ ಆಗದ್ದು ಗುಡ್ಡದ ಮೇಲೆ ಆಗುತ್ತದೆಂದು ಅವಳಿಗೆ ನಂಬಿಕೆ. ಇಡೀ ಬಾಳು ತರಗತಿಯ ಎದುರು ನಿಂತು ಮಾತಾಡಿದವಳು.

ಮೇ ಮೂವತ್ತರಂದು ಬಿಸಿಲು ಚೆನ್ನಾಗಿತ್ತು. ಆರಿನ್ ಬೆಳಗ್ಗೆಯೇ ಹೊರಟುಹೋಗಿದ್ದ. ಲೆಟಿಸ್ ತನ್ನ ಹಳೇ ಕಾರಿನಲ್ಲಿ ಓಪಲ್‌ಳನ್ನು ಕೂರಿಸಿಕೊಂಡು ಗುಡ್ಡ ಹತ್ತಿದಳು.

“ನಿಮ್ಮ ತಮ್ಮ ಒಪ್ಪಿದ್ರಾ?” ಎಂದು ಓಪಲ್ ಕೇಳಿದಳು.

“ಇಲ್ಲ. ಮರ್ಲ್ ಹಾಜರ್ ಅಂದ ತಕ್ಷಣ ನಾನು ಎದ್ದು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಒಂದು ಕಿವಿ, ಎರಡು ಕಿವಿ, ಎಲ್ಲ. ಆಮೇಲೆ ನೀವು ಹೇಳಿ.”

“ಅಯ್ಯೋ, ಅಷ್ಟು ಜನದ ಮುಂದೆ?”

“ತಪ್ಪನ್ನೂ ಅಷ್ಟು ಜನದ ಮುಂದೇನೇ ಮಾಡಿದ್ದು.”

ಓಪಲ್ ಮಡಿಲಲ್ಲಿದ್ದ ಪಿಯೋನಿ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಬೆಂಚುಗಳನ್ನು ಎಲ್ಮ್ ಮರಗಳ ಕೆಳಗೆ ಹಾಕಿದ್ದರು. ಲೆಟಿಸ್ ಮುಂದಿನ ಸಾಲಿನಲ್ಲಿ ಕೂತಳು. ಓಪಲ್ ಒಪ್ಪದೆ ಕೊನೆಯ ಸಾಲಿಗೆ, ಬೇಲಿಯ ಹತ್ತಿರಕ್ಕೆ ಹೋದಳು. ಬ್ಯಾಂಡು ಮುಗಿಯಿತು, ಪಾದ್ರಿ ಎಂದಿನಂತೆ ಉದ್ದವಾಗಿ ಪ್ರಾರ್ಥಿಸಿದರು. ಆರಿನ್ ಧ್ವನಿವರ್ಧಕದ ಮುಂದೆ ಬಂದು ನಿಂತ. ಎದೆಯ ಮೇಲೆ ರಿಬ್ಬನ್ನುಗಳು, ತೋಳುದ್ದ ಚಾಚಿದ ಹಾಳೆ. ಒಂದು ಸಲ ಜನರ ಕಡೆ ನೋಡಿದ. ಕೊನೆಯ ಸಾಲಿನವರೆಗೆ ಅವನ ಕಣ್ಣು ಹೋಗುವಂತಿರಲಿಲ್ಲವಾದರೂ ಚೆರ್ರಿ ಹಣ್ಣಿನ ಹ್ಯಾಟು ಬಿಸಿಲಿಗೆ ಫಳಫಳಿಸುತ್ತಿತ್ತು.

ಹೆಸರುಗಳು ಶುರುವಾದವು. ಹಾಜರ್. ಹಾಜರ್. ಡೋಲಿನ ಪೆಟ್ಟು. ಜೊಸಾಯ ಬಾಲ್ಚ್ ಬಂದಾಗ ಆರಿನ್ ತಾನೇ ಕರೆದು ತಾನೇ “ಹಾಜರ್” ಎಂದ. ಪ್ರತಿ ವರ್ಷ ಇದು ಲೆಟಿಸ್‌ಗೆ ಹಾಸ್ಯವಾಗಿ ಕಾಣುತ್ತಿತ್ತು. ಇಂದು ಕಾಣಲಿಲ್ಲ.

“ಏಸಾ ಲವೆಲ್.”

ಮರ್ಲ್ ಹೊಸ ಸೂಟಿನಲ್ಲಿ ಎದ್ದ. “ಹಾಜರ್!” ಎಲ್ಮ್ ಮರದ ಹಕ್ಕಿಗಳು ಹಾರಿದವು. ಅವನು ಕೂತ. ಅವನ ಮುಖ ವರ್ಷಕ್ಕೊಮ್ಮೆ ಹೀಗಿರುತ್ತಿತ್ತು, ದೀಪ ಹಚ್ಚಿಟ್ಟ ಮನೆಯಂತೆ.

ಲೆಟಿಸ್ ಬೆಂಚಿನ ತುದಿ ಹಿಡಿದು ಅರ್ಧ ಎದ್ದಳು.

“ಏಸಾ ಲವೆಲ್” ಎಂದ ಆರಿನ್ ಇನ್ನೊಮ್ಮೆ.

ಯಾರೂ ಅಲುಗಾಡಲಿಲ್ಲ. ಡೋಲಿನವನು ಕೋಲೆತ್ತಿದ, ಆರಿನ್ ಅವನ ಕಡೆ ನೋಡದೆಯೇ ಅಂಗೈ ಚಾಚಿ ತಡೆದ. ಕಾದ. ಕೊನೆಯ ಸಾಲಿನಲ್ಲಿ ಗಾಜಿನ ಹಣ್ಣುಗಳು ಕಿಣಿಗುಟ್ಟಿದವು.

“ಹಾಜರ್” ಎಂದಳು ಓಪಲ್ ಕ್ರೌಚ್. ದನಿ ಒಡೆದು ಬಂತು. ಸಾಲದೆನಿಸಿತೇನೋ, ಮತ್ತೆ ಹೇಳಿದಳು, ಕೋಳಿಗಳನ್ನು ಕೂಗಿ ಕರೆಯುವವಳ ಪೂರಾ ಗಂಟಲಿನಲ್ಲಿ: “ಹಾಜರ್!”

ಮರ್ಲ್ ಹಿಂದೆ ತಿರುಗಿ ನೋಡಿದ. ಡಾಕ್ಟರ್ ಸ್ಟೂಕಿ ಆರಿನ್‌ನ ಕಡೆ ಬಾಗಿದ. ಪಿಸುಮಾತೆಂದು ಅವನು ಅಂದುಕೊಂಡದ್ದು ಧ್ವನಿವರ್ಧಕದಲ್ಲಿ ಗುಡ್ಡಕ್ಕೆಲ್ಲ ಕೇಳಿಸಿತು. “ಆ ಹೆಸರು ಆಗಿತ್ತಲ್ಲಯ್ಯ. ನೀನು ಎರಡು ಸಲ ಓದಿದೆ.”

“ಓದಿದೆನಾ?” ಎಂದ ಆರಿನ್. ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದ. “ತಪ್ಪಾಯ್ತು. ನನ್ನ ಕಣ್ಣು ಸರಿಯಿಲ್ಲ. ಮೊದಲಿಂದಲೂ ಇಲ್ಲ. ಹದಿನೇಳನೇ ಇಸವೀಲಿ ಸೈನ್ಯದವರು ಅದಕ್ಕೇ ನನ್ನ ವಾಪಸು ಕಳಿಸಿದ್ದು.”

ಯಾರೋ ಕೆಮ್ಮಿದರು. ಮರ್ಲ್ ಏನೆಂದು ತಿಳಿದನೋ, ಓಪಲ್‌ಳ ಕಡೆ ನೋಡಿ ಹ್ಯಾಟು ತೆಗೆದ. ಲೆಟಿಸ್ ಇನ್ನೂ ಅರ್ಧ ಎದ್ದ ಹಾಗೆಯೇ ಇದ್ದಳು. ಪಕ್ಕದವಳು ತೋಳು ಮುಟ್ಟಿ, “ಏನಾದ್ರೂ ಬೇಕಿತ್ತಾ, ಮಿಸ್ ಬಾಲ್ಚ್?” ಎಂದಾಗ ಕೂತಳು.

ಆರಿನ್ ಕೋಟಿನ ಒಳಜೇಬಿಗೆ ಕೈ ಹಾಕಿ ದಪ್ಪ ಗಾಜಿನ ಕನ್ನಡಕ ಹೊರತೆಗೆದ. ಕರವಸ್ತ್ರದಿಂದ ಒರೆಸಿದ, ಒಂದೊಂದು ಕಿವಿಗೂ ಜೋಪಾನವಾಗಿ ಸಿಕ್ಕಿಸಿಕೊಂಡ. ಇಡೀ ಊರು ನೋಡುತ್ತಿತ್ತು. ಕೊನೆಯ ಸಾಲಿನ ಹೆಂಗಸು ಕೂರುವವರೆಗೆ ಕಾದು, ಮುಂದಿನ ಹೆಸರು ಕರೆದ.